30 ದಿನದ ಲೆಕ್ಕ ಯಾವ ಸೀಲಿನಿಂದ?

ನಮ್ಮ ಕಚೇರಿಯಲ್ಲಿ ಮಾಹಿತಿ ಹಕ್ಕಿನ ಅರ್ಜಿಗಳನ್ನು ನೋಡುವ ಟೇಬಲ್ ನನ್ನದು. ಒಂದು ಪ್ರಥಮ ಮೇಲ್ಮನವಿಯ ವಿಚಾರಣೆ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅರ್ಜಿದಾರರು ವಯಸ್ಸಾದ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಹಾಕಿದ್ದ ಕುಟುಂಬ ಪಿಂಚಣಿಯ ಕಡತ ಯಾರ ಹತ್ತಿರ ಇದೆ, ಯಾವತ್ತಿನಿಂದ ಇದೆ ಅಂತ ಕೇಳಿದ್ದರು, ಅಷ್ಟೇ. ಇ-ಆಫೀಸ್‌ನಲ್ಲಿ ಕಡತದ ಚಲನೆಯ ಪುಟ ಪ್ರಿಂಟ್ ತೆಗೆದು ಕೊಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಅರ್ಜಿ ಟಪಾಲಿನಿಂದ ಮ್ಯಾನೇಜರ್‌ಗೆ ಹೋಯಿತು, ಅಲ್ಲಿಂದ ಸಾಹೇಬರ ಷರಾ ಆಗಿ ಶಾಖೆಗೆ ಇಳಿಯಿತು. ‘ನಮ್ಮ ಶಾಖೆಗೆ ಸಂಬಂಧಿಸಿಲ್ಲ’ ಅಂತ ಬರೆಸಿಕೊಂಡು ವಾಪಸ್ ಬಂತು. ಅಷ್ಟರಲ್ಲಿ ಉತ್ತರ ಕೊಡಬೇಕಾದ 30 ದಿನದ ಗಡುವು ದಾಟಿತ್ತು.

ವಿಚಾರಣೆಯಲ್ಲಿ ಮೇಲ್ಮನವಿ ಪ್ರಾಧಿಕಾರಿ ಮೊದಲು ಕೇಳಿದ್ದು, “ಅರ್ಜಿ ಯಾವತ್ತು ಬಂತು?” ಮಾಹಿತಿ ಕೊಡಬೇಕಾದ ನಮ್ಮ ಸಾರ್ವಜನಿಕ ಮಾಹಿತಿ ಅಧಿಕಾರಿ, ಅಂದರೆ ಪಿಐಒ, ಶಾಖೆಯ ಸೀಲಿನ ತಾರೀಖು ಹೇಳಿದರು. ಆ ಲೆಕ್ಕದಲ್ಲಿ ಇನ್ನೂ ಸಮಯವಿತ್ತು. ಆ ತಾಯಿ ಚೀಲದಿಂದ ಸ್ವೀಕೃತಿ ತೆಗೆದು ಮೇಜಿನ ಮೇಲಿಟ್ಟರು. “ನಾನು ಕೊಟ್ಟ ದಿನ ಇದು ಸಾರ್. ಸೀಲು ನಿಮ್ಮದೇ ಅಲ್ವಾ?”

ಪ್ರಾಧಿಕಾರಿ ಎರಡೂ ತಾರೀಖುಗಳನ್ನು ಮತ್ತೆ ಮತ್ತೆ ನೋಡಿದರು. ಪಿಐಒ ಸುಮ್ನೆ ಹಾಳೆ ತಿರುವುತ್ತಿದ್ದರು. “ಶಾಖೆಯವರು ವರದಿ ಕೊಟ್ಟಿಲ್ಲ ಸಾರ್” ಎಂದರು. “ಶಾಖೆಗೆ ಕಳಿಸಿದ ಜ್ಞಾಪನ ಎಲ್ಲಿ?” ಎಂದರು ಪ್ರಾಧಿಕಾರಿ. ನಾನು ಮುಂದಿಟ್ಟೆ. ಅದರಲ್ಲಿ ಇದ್ದದ್ದು ‘ಮುಂದಿನ ಸೂಕ್ತ ಕ್ರಮಕ್ಕಾಗಿ’ ಎಂಬ ಒಂದು ಸಾಲು. ಯಾರು ಕೊಡಬೇಕು, ಎಷ್ಟರೊಳಗೆ ಕೊಡಬೇಕು, ಯಾವುದೂ ಇಲ್ಲ. ಜ್ಞಾಪನ ಹೋದರೆ ಕೆಲಸ ಆದಂತೆ ಅಂತ ನಾವೆಲ್ಲ ನಂಬಿದ್ದೆವು. ಕಡತದಲ್ಲಿ, ಪುಟಕ್ಕೆ 2 ರೂಪಾಯಿ ಶುಲ್ಕ ಕಟ್ಟಿ ಅಂತ ಆಕೆಗೆ ಬರೆದಿಟ್ಟ ಪತ್ರದ ಕರಡೂ ಇತ್ತು. ಅದನ್ನು ನೋಡಿ ಪ್ರಾಧಿಕಾರಿ ತಲೆ ಎತ್ತಿ ನಮ್ಮನ್ನು ದಿಟ್ಟಿಸಿದರು. ಉಚಿತವಾಗಿ, ಇವತ್ತೇ ಕೊಡಿ ಎಂದು ಆದೇಶವಾಯಿತು.

2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 7(1)ರ 30 ದಿನ ಕಚೇರಿಗೆ ಅರ್ಜಿ ತಲುಪಿದ ದಿನದಿಂದ ಓಡುತ್ತದೆ. ಒಳಗೆ ಅದು ಎಷ್ಟು ಮೇಜು ಸುತ್ತಿತು ಅನ್ನುವುದು ಅರ್ಜಿದಾರರ ತಲೆನೋವಲ್ಲ. ಗಡುವು ಮೀರಿದರೆ 7(6)ರ ಪ್ರಕಾರ ಶುಲ್ಕ ಕೇಳುವಂತಿಲ್ಲ. ಶುಲ್ಕದ ಪತ್ರ ಕಳಿಸಿದ ದಿನದಿಂದ ಹಣ ಕಟ್ಟುವವರೆಗಿನ ದಿನಗಳು ಲೆಕ್ಕಕ್ಕೆ ಬರುವುದಿಲ್ಲ ಅಂತ, ಕೆಲವರು ಕೊನೆಯ ದಿನದವರೆಗೆ ಕಾದು ಆ ಪತ್ರ ಬರೆಯುತ್ತಾರೆ. ಇದು ಜನರಿಗೆ ಮಾಡುವ ಮೋಸ.

ಈಗ ನಮ್ಮ ಜ್ಞಾಪನ ಬೇರೆ ಥರ ಇದೆ. 5(4)ರಡಿ ಇಂಥ ಅಧಿಕಾರಿಯ ನೆರವು ಕೋರಿದೆ, ಇಂಥ ತಾರೀಖಿನೊಳಗೆ ಕೊಡಿ ಅಂತ ಬರೆಯುತ್ತೇನೆ. ಕೊಡದಿದ್ದರೆ 5(5)ರಂತೆ ಅವರೂ ಪಿಐಒ ಸ್ಥಾನದಲ್ಲಿ ನಿಲ್ಲುತ್ತಾರೆ. ದಿನಕ್ಕೆ 250, ಗರಿಷ್ಠ 25,000 ರೂಪಾಯಿ ದಂಡದ ಮಾತು ಅವರಿಗೂ ತಾಗುತ್ತದೆ. ವರದಿಗಳು ಬೇಗ ಬರುತ್ತಿವೆ.

ಆದರೂ ಈ ಕೆಲಸಕ್ಕೆ ಬೇರೆ ಸಿಬ್ಬಂದಿ ಇಲ್ಲ, ಎಲ್ಲಾ ಹೆಚ್ಚುವರಿ ಪ್ರಭಾರ. ಇದಕ್ಕಿಂತ ಜಾಸ್ತಿ ಬೇಸರ ಇನ್ನೊಂದಿದೆ. ಕಡತ ಎಲ್ಲಿದೆ ಅಂತ ನಮಗೆ ಪರದೆ ಮೇಲೆ ತಕ್ಷಣ ಕಾಣುತ್ತದೆ. ಅದನ್ನು ತಿಳಿಯಲು ಆ ತಾಯಿ ಅರ್ಜಿ ಹಾಕಿ, ಕಾದು, ಮೇಲ್ಮನವಿಗೂ ಬರಬೇಕಾಯಿತು. ಪಿಂಚಣಿ ಕಡತಗಳ ಚಲನೆಯನ್ನು ಅರ್ಜಿದಾರರಿಗೆ ನಾವೇ ತಿಳಿಸೋಣ ಎಂದು ಟಿಪ್ಪಣಿ ಮಂಡಿಸಿದ್ದೇನೆ. ಇನ್ನೂ ಆದೇಶವಾಗಿಲ್ಲ.