ನನ್ನ ಕೈ ಈಗ ಸುಳ್ಳು ಹೇಳುತ್ತೆ

"ಬರೀ ಬೂಟು ಯಾರೂ ಹಾಕಲ್ಲ" ಅಂದ ಗ್ಯಾರೇಜಿನ ಕೌಂಟರಿನ ಹುಡುಗ. ಬೂಟಂದರೆ ಸ್ಟೇರಿಂಗಿನ ಜಾಯಿಂಟಿಗೆ ತೊಡಿಸುವ ರಬ್ಬರ್ ಟೋಪಿ. ಗಾಡಿ ಹೊರಗೇ ನಿಂತಿತ್ತು, ಎದ್ದು ಬಂದು ನೋಡಲಿಲ್ಲ. ಕಂಪ್ಯೂಟರಿನಲ್ಲಿ ಗಾಡಿಯ ವರ್ಷ 1976 ಎಂದು ಒತ್ತಿದ, ಮುಖ ಸಿಂಡರಿಸಿದ. ನಾಲ್ಕು ಟೈ ರಾಡ್ ಎಂಡನ್ನೂ, ಅಂದರೆ ಸ್ಟೇರಿಂಗ್ ರಾಡುಗಳ ತುದಿಯ ಜಾಯಿಂಟುಗಳನ್ನೇ, ಕಿತ್ತು ಹೊಸದು ಹಾಕಬೇಕು, ಆಮೇಲೆ ಅಲೈನ್‌ಮೆಂಟು, ಒಟ್ಟು 1,140 ಡಾಲರ್ ಅಂದ. ಹರಿದಿರೋದು ಮೇಲಿನ ರಬ್ಬರು, ಒಳಗಿನ ಜಾಯಿಂಟ್ ಹೋಗಿದೆಯೋ ಇಲ್ಲವೋ ಒಂದ್ಸಲ ನೋಡಬಹುದಲ್ಲ ಅಂತ ಕೇಳಿದೆ. ನೋಡೋಕೂ ಗಂಟೆ ಲೆಕ್ಕದಲ್ಲೇ ಚಾರ್ಜು ಅಂದ. ಅವನ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವತ್ತು ಇತ್ತು. ಆ ಸಿಟ್ಟಿನಲ್ಲೇ ಮನೆಗೆ ಬಂದು ನಾಲ್ಕು ಪಾಲಿಯುರೆಥೇನ್ ಬೂಟು ತರಿಸಿದೆ, ಊಟಕ್ಕೆ ಹೋದರೆ ಆಗುವಷ್ಟೂ ಖರ್ಚಾಗಲಿಲ್ಲ.

ಗಾಡಿ ಯಾವುದೆಂದು ಹೇಳಬೇಕು. ಜನರಲ್ ಮೋಟರ್ಸ್‌ನವರ ಜಿಎಂಸಿ ಮೋಟರ್‌ಹೋಮ್, ಚಕ್ರದ ಮೇಲಿನ ಮನೆ, 26 ಅಡಿ. 1973ರಿಂದ 1978ರವರೆಗೆ ಮಾತ್ರ ತಯಾರಾಗಿದ್ದು, ಒಟ್ಟು 13,000ಕ್ಕೂ ಕಡಿಮೆ. ಆ ಕಾಲದ ಹೆಚ್ಚಿನ ಮೋಟರ್‌ಹೋಮ್‌ಗಳು ಲಾರಿ ಛಾಸಿ ಮೇಲೆ ಮನೆ ಕಟ್ಟಿದ ಹಾಗಿದ್ದರೆ ಇದು ಮುಂದಿನ ಚಕ್ರದಿಂದಲೇ ಓಡುತ್ತದೆ. 7.5 ಲೀಟರಿನ ಓಲ್ಡ್ಸ್‌ಮೊಬೀಲ್ ಎಂಜಿನ್ನು, ಗೇರ್‌ಬಾಕ್ಸು ಎಲ್ಲಾ ಮೂತಿಯಲ್ಲೇ. ಹಿಂದಕ್ಕೆ ಹೋಗುವ ಶಾಫ್ಟೇ ಇಲ್ಲ, ಹಾಗಾಗಿ ನೆಲ ತಗ್ಗು, ಒಳಗೆ ನೆಟ್ಟಗೆ ನಿಲ್ಲಬಹುದು. ಎಂಜಿನ್ನಿನ ಭಾರ ಹೊರುವುದು, ಎಳೆಯುವುದು, ತಿರುಗುವುದು ಮೂರೂ ಮುಂದಿನ ಎರಡು ಚಕ್ರದ ಪಾಲಿಗೇ ಬಿದ್ದಿರುವುದರಿಂದ ಆ ಜಾಗದಲ್ಲಿ ಸ್ವಲ್ಪ ಲೂಸಾದರೂ ಐದು ಟನ್ನಿನ ಗಾಡಿ ರಸ್ತೆಯ ಮೇಲೆ ಎಮ್ಮೆಯ ಹಾಗೆ ಅತ್ತಿತ್ತ ವಾಲುತ್ತದೆ. ನ್ಯೂಜೆರ್ಸಿಯಲ್ಲಿರುವ ನನ್ನ ಭಾವಮೈದುನ ಇದನ್ನು "ಗುಜರಿ" ಎಂದೇ ಕರೆಯುವುದು. ಅವನು ಮೂರು ವರ್ಷಕ್ಕೊಂದು ಕಾರು ಲೀಸ್ ಮಾಡುವವನು, ಒಂದಕ್ಕೂ ಬಾನೆಟ್ ಎತ್ತಿ ನೋಡಿದವನಲ್ಲ. ಇರಲಿ.

ಮಿಷಿಗನ್‌ಗೆ ಬಂದು ಹದಿನೇಳು ವರ್ಷವಾಯಿತು. ಇಲ್ಲಿನ ಕನ್ನಡದವರಿಗೆ ಪಾಂಟಿಯಾಕ್ ಅಂದರೆ ಪರಾಶಕ್ತಿ ದೇವಸ್ಥಾನ. ನಮ್ಮ ಎದುರು ಮನೆಯ ಅಜ್ಜನಿಗೆ ಪಾಂಟಿಯಾಕ್ ಅಂದರೆ ಟ್ರಕ್ ಅಂಡ್ ಕೋಚ್ ಕಾರ್ಖಾನೆ, ಈ ಗಾಡಿ ಹುಟ್ಟಿದ ಊರು. ಅವರು ಅಲ್ಲಿ ದುಡಿದವರು. ಎರಡು ವರ್ಷದ ಹಿಂದೆ ಗಾಡಿ ತಂದು ನಿಲ್ಲಿಸಿದ ದಿನ ರಸ್ತೆ ದಾಟಿ ಬಂದಾಗ, "ನೀವೇ ಕಟ್ಟಿದ್ದಾ ಇದು?" ಎಂದು ನಾನು ಸಂಭ್ರಮದಿಂದ ಕೇಳಿದ್ದೆ. "ಇಲ್ಲ, ನಾನು ಸಿಟಿ ಬಸ್ಸಿನ ಲೈನು. ಇದನ್ನು ಮಾಡ್ತಿದ್ದ ಜನ ತುಂಬಾ ಜಂಬದವರು" ಅಂದಿದ್ದರು. ಅವತ್ತಿನಿಂದ ಸ್ನೇಹ.

ಶನಿವಾರ ಬೆಳಿಗ್ಗೆ ನಾನು ಗಾಡಿ ಕೆಳಗೆ ರಟ್ಟು ಹಾಸುತ್ತಿರುವಾಗಲೇ ಬಂದರು. ಎಡಗೈಯಲ್ಲಿ ಎರಡು ಸುತ್ತಿಗೆ. ಬಲಗೈ ಜೇಬಿನಲ್ಲಿ. ಒಂದೆರಡು ವರ್ಷದಿಂದ ಆ ಬಲಗೈ ನಡುಗುತ್ತದೆ, ಯಾರಾದರೂ ಎದುರಿಗಿದ್ದರೆ ಅದನ್ನು ಜೇಬಿಗೆ ಇಳಿಸಿಬಿಡುತ್ತಾರೆ. ನಾನು ಅಂಗಡಿಯಿಂದ ತಂದಿಟ್ಟುಕೊಂಡಿದ್ದ ಕವಲು ಉಳಿಯನ್ನು ಕಾಲಿನಿಂದಲೇ ಪಕ್ಕಕ್ಕೆ ತಳ್ಳಿದರು. "ಇದು ಜಾಯಿಂಟನ್ನು ಎಸೆಯೋರಿಗೆ. ನೀನು ಉಳಿಸಿಕೊಳ್ಳೋನು ತಾನೆ?"

ಬಿಚ್ಚುವ ಮುಂಚೆ ಪರೀಕ್ಷೆ. ಜಾಕಿ ಹಾಕುವ ಹಾಗಿಲ್ಲ, ಗಾಡಿಯ ಭಾರ ಚಕ್ರದ ಮೇಲೇ ಇರಬೇಕು. ಒಬ್ಬರು ಮೇಲೆ ಕೂತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಚೂರೇ ಚೂರು ಆಡಿಸುತ್ತಿರಬೇಕು, ಕೆಳಗೆ ಮಲಗಿದವನು ಒಂದೊಂದೇ ಜಾಯಿಂಟನ್ನು ಹಿಡಿದು ನೋಡಬೇಕು. ಬೆರಳು ರಾಡು ಸೇರುವ ಆರ್ಮಿನ ಮೇಲೆ, ಹೆಬ್ಬೆರಳು ರಾಡಿನ ಮೇಲೆ. ಎರಡೂ ಒಟ್ಟಿಗೆ ಹೋದರೆ ಸರಿ, ಒಂದು ಮೊದಲು ಹೊರಟು ಇನ್ನೊಂದು ಆಮೇಲೆ ಹೊರಟರೆ ಪ್ಲೇ ಬಂದಿದೆ, ಜಾಯಿಂಟು ಸಡಿಲವಾಗಿದೆ ಎಂದರ್ಥ. ಮಗಳನ್ನು ಸೀಟಿನಲ್ಲಿ ಕೂರಿಸಿದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸ್ಟೇರಿಂಗು, ಮುಖದಲ್ಲಿ ಬೇಸರ.

ನಾಲ್ಕನ್ನೂ ಹಿಡಿದು ನೋಡಿ "ಎಲ್ಲಾ ಸರಿ ಇವೆ" ಅಂದೆ.

ಅಜ್ಜ ಮಾತಾಡಲಿಲ್ಲ. ಕಷ್ಟಪಟ್ಟು ಪಕ್ಕದಲ್ಲಿ ಬಂದು ಮಲಗಿದರು, ಜೇಬಿನಿಂದ ಬಲಗೈ ತೆಗೆದು ಬಲಗಡೆಯ ಹೊರಗಿನ ಜಾಯಿಂಟಿನ ಮೇಲಿಟ್ಟರು. ಮೂರು ಸೆಕೆಂಡ್ ಇರಬಹುದು. ತೆಗೆದುಬಿಟ್ಟರು.

"ನನ್ನ ಕೈ ಈಗ ಸುಳ್ಳು ಹೇಳುತ್ತೆ. ನಿನ್ನ ಕೈ ಏನು ಹೇಳುತ್ತೆ, ಸರಿಯಾಗಿ ಕೇಳು."

ಇಷ್ಟೇ. ದುಃಖದಿಂದ ಹೇಳಿದ್ದಲ್ಲ, ಬಲ್ಬು ಹೋಗಿದೆ ಅನ್ನುವ ಹಾಗೆ ಹೇಳಿದರು. ಆಡುತ್ತಿರುವುದು ಜಾಯಿಂಟೋ ತನ್ನ ಕೈಯೋ ಎಂದು ಅವರಿಗೆ ತಿಳಿಯುತ್ತಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ನಾಲ್ಕು ದಿನವಾಯಿತು, ಆ ಮಾತು ಬಿಡುತ್ತಿಲ್ಲ. ಆಫೀಸಿಗೆ ಕಾರು ಓಡಿಸುವಾಗ, ಹಲ್ಲುಜ್ಜುವಾಗ, ಅದೇ. ಸುಳ್ಳು ಹೇಳುವ ಕೈ ಅವರದ್ದು ಸರಿ, ಆದರೆ ನನ್ನದು? ಅದು ಹದಿನೇಳು ವರ್ಷದಿಂದ ಏನನ್ನೂ ಹೇಳಿಯೇ ಇಲ್ಲ.

ನನ್ನ ಕೆಲಸವೇ ಇದು ಅಂದರೆ ನೀವು ನಗುತ್ತೀರಿ. ಗಾಡಿಗಳ ಸ್ಟೇರಿಂಗು, ಸಸ್ಪೆನ್ಶನ್ನಿನ ಮೇಲೆ ಬೀಳುವ ಬಲವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಇಂಥ ಬಾಲ್ ಜಾಯಿಂಟುಗಳನ್ನು ಸಾವಿರ ಸಲ ಹಾಕಿದ್ದೇನೆ, ಮೌಸ್ ಒತ್ತಿ. ಅಲ್ಲಿ ಅದೊಂದು ಚುಕ್ಕೆ. ಮೂರು ದಿಕ್ಕಿಗೆ ಜರುಗುವ ಹಾಗಿಲ್ಲ, ಮೂರು ಅಕ್ಷದ ಸುತ್ತ ತಿರುಗಬಹುದು, ಮುಗಿಯಿತು. ಆ ಚುಕ್ಕೆಗೆ ಗ್ರೀಸಿಲ್ಲ, ಧೂಳಿಲ್ಲ, ಅದು ಸವೆಯುವುದಿಲ್ಲ. ಬೂಟಂತೂ ಇಲ್ಲವೇ ಇಲ್ಲ, ಬಲ ಹೊರದ ವಸ್ತುವನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಿಜದ ಜಾಯಿಂಟೆಂದರೆ ಬಟ್ಟಲಿನೊಳಗೆ ಕೂತ ಉಕ್ಕಿನ ಗುಂಡು, ಸುತ್ತ ಗ್ರೀಸು, ಅದು ಹೊರಗೆ ಹೋಗದಂತೆ ನೀರು ಮಣ್ಣು ಒಳಗೆ ಬರದಂತೆ ಕಾಯುವ ಒಂದು ರಬ್ಬರು. ಈ ರಬ್ಬರು ವರ್ಷಗಟ್ಟಲೆ ಗಾಳಿಗೆ ಒಣಗಿ ಬಿರುಕು ಬಿಡುತ್ತದೆ, ಅಥವಾ ಯಾವನೋ ಉತ್ಸಾಹಿ ಗ್ರೀಸ್ ಗನ್ನು ಒತ್ತಿ ಒತ್ತಿ ಒಡೆದಿರುತ್ತಾನೆ. ಆಮೇಲೆ ಇಲ್ಲಿನ ಚಳಿಗಾಲ. ಡೆಟ್ರಾಯಿಟ್ ನಗರದ ಅಡಿಯಲ್ಲೇ ಉಪ್ಪಿನ ಗಣಿ ಇದೆ, ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವುದರಲ್ಲಿ ಈ ಜನಕ್ಕೆ ಕೈ ಬಿಗಿಯಿಲ್ಲ. ಉಪ್ಪುನೀರು ಒಳಗೆ ಹೋದರೆ ಗುಂಡು ತುಕ್ಕು ಹಿಡಿಯುವುದಕ್ಕೆ ಎಷ್ಟು ಹೊತ್ತು?

ಮತ್ತೆ ಹಿಡಿದೆ. ಮಗಳು ಎಡ, ಬಲ. ಏನೂ ಇಲ್ಲ. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ. ಆಗ ಗೊತ್ತಾಯಿತು. ಅನ್ನದಲ್ಲಿ ಕಲ್ಲು ಸಿಕ್ಕಾಗ ಮೊದಲು ಹಲ್ಲಿಗೆ ಗೊತ್ತಾಗಿ ಆಮೇಲೆ ನಮಗೆ ಗೊತ್ತಾಗುತ್ತದಲ್ಲ, ಹಾಗೆ. ಹೆಬ್ಬೆರಳ ಬುಡದಲ್ಲಿ ಒಂದು ಟಿಕ್. "ಇದೆ" ಅಂದೆ. ಅಜ್ಜ "ಹ್ಞೂಂ" ಅಂದರು. ಅವರಿಗೆ ಮೊದಲೇ ಅನುಮಾನವಿತ್ತು, ಆ ಜಾಯಿಂಟಿನಿಂದ ಸೋರಿದ್ದ ಗ್ರೀಸಿನ ಬಣ್ಣ ಕೆಂಪಗಿತ್ತು. ನಾನು ಅದನ್ನು ನೋಡಿದ್ದೆ, ಗಮನಿಸಿರಲಿಲ್ಲ.

ಅಂದರೆ ಕೌಂಟರಿನ ಹುಡುಗ ಕಾಲು ಭಾಗ ಸರಿ.

ಬೂಟು ಹಾಕುವ ಕೆಲಸವನ್ನು ಬೇಗ ಹೇಳಿಬಿಡುತ್ತೇನೆ. ಗಾಡಿಯನ್ನು ಎತ್ತಿ ಫ್ರೇಮಿನ ಅಡಿ ಸ್ಟ್ಯಾಂಡ್ ಕೊಟ್ಟು, ಸ್ಪ್ಲಿಟ್ ಪಿನ್ನು ಕಿತ್ತು, ನಟ್ಟನ್ನು ಸಡಿಲಿಸಿ ತುದಿಯಲ್ಲಿ ಹಾಗೇ ಬಿಡಬೇಕು, ಇಲ್ಲವಾದರೆ ಕಳಚಿದಾಗ ಮೂತಿಗೇ ಬೀಳುತ್ತದೆ. ಜಾಯಿಂಟಿನ ಕೋಲು ಆರ್ಮಿನ ಕಣ್ಣಿನೊಳಗೆ ಮೊಳೆಯ ಹಾಗೆ ಮೊನಚಾಗಿ ಕಚ್ಚಿಕೊಂಡಿರುತ್ತದೆ. ಒಂದು ಸುತ್ತಿಗೆಯನ್ನು ಆ ಕಣ್ಣಿನ ಒಂದು ಬದಿಗೆ ಆನಿಸಿ ಹಿಡಿದು ಇನ್ನೊಂದು ಬದಿಗೆ ಇನ್ನೊಂದರಿಂದ ಹೊಡೆಯಬೇಕು. ಕೋಲಿಗಲ್ಲ, ಕಣ್ಣಿಗೆ. ನಾಲ್ಕನೇ ಏಟಿಗೆ ಟಪ್ ಎಂದು ಬಿಟ್ಟಿತು. ಹಳೆಯ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿ, ಹೊಸ ಟೋಪಿ ತೊಡಿಸಿ, ಕೂರಿಸಿ, ನಟ್ಟು ಬಿಗಿದು ಗ್ರೀಸ್ ಹೊಡೆಯುವುದು, ಬೂಟು ಕೆನ್ನೆ ಉಬ್ಬಿಸುವಷ್ಟು ಮಾತ್ರ. ರಾಡನ್ನು ಅದರ ಉದ್ದ ಹೊಂದಿಸುವ ಸ್ಲೀವಿನಿಂದ ತಿರುಗಿಸಿ ಬಿಚ್ಚದೇ ಇದ್ದುದರಿಂದ ಅಲೈನ್‌ಮೆಂಟ್ ಕದಲುವುದಿಲ್ಲ. ನಟ್ಟಿನ ಸಂದಿಗೂ ಪಿನ್ನಿನ ತೂತಿಗೂ ಹೊಂದದಿದ್ದಾಗ ನಾನು ಚೂರು ಹಿಂದಕ್ಕೆ ತಿರುಗಿಸಲು ಹೋದೆ, ಬೈಸಿಕೊಂಡೆ. ಮುಂದಕ್ಕೇ ಬಿಗಿಯಬೇಕಂತೆ. ಮೂರು ಜಾಯಿಂಟಿಗೆ ಹೀಗೆ ಐದು ಗಂಟೆ ಹಿಡಿಯಿತು. ಅಜ್ಜ ಒಂದು ಕಾಲದಲ್ಲಿ ಊಟದ ಬ್ರೇಕಿನೊಳಗೆ ಮುಗಿಸುತ್ತಿದ್ದ ಕೆಲಸವಂತೆ, ಹೇಳದೇ ಇರಲಿಲ್ಲ.

ಕೊನೆಯ ಸ್ಪ್ಲಿಟ್ ಪಿನ್ನನ್ನು ಅವರೇ ಹಾಕುತ್ತೇನೆಂದರು. ಎರಡು ಸಲ ತೂತಿನ ಅಂಚಿಗೆ ತಗುಲಿ ಪಿನ್ನು ಕೆಳಗೆ ಬಿತ್ತು. ನಾನು ಸಹಾಯಕ್ಕೆ ಹೋಗಲಿಲ್ಲ, ಹೋಗಬೇಕಿತ್ತೋ ಏನೋ ಈಗಲೂ ಗೊತ್ತಿಲ್ಲ. ಮೂರನೇ ಸಲ ಪಿನ್ನನ್ನು ನನ್ನ ಕೈಗಿಟ್ಟು ಮಲಗಿದಲ್ಲೇ ಆಚೆ ತಿರುಗಿದರು.

ಅಪ್ಪನ ವಿಷಯ ಹೇಳದೆ ಇದು ಮುಗಿಯುವುದಿಲ್ಲ. ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಅಪ್ಪನದು ಲಾರಿ ಗ್ಯಾರೇಜು. ಕೊಬ್ಬರಿ ತುಂಬಿಕೊಂಡು ಉತ್ತರಕ್ಕೆ ಹೋಗುವ ಲಾರಿಗಳು. ಅಮಾವಾಸ್ಯೆ ದಿನ ಗಾಡಿ ರಸ್ತೆಗಿಳಿಸದ ಮಾಲೀಕರು ಅವತ್ತು ಗ್ರೀಸ್ ಹೊಡೆಸಲು ತಂದು ನಿಲ್ಲಿಸುತ್ತಿದ್ದರು. ನನಗೆ ಗ್ಯಾರೇಜಿನ ಒಳಗೆ ಪ್ರವೇಶವಿರಲಿಲ್ಲ. ಊಟದ ಕ್ಯಾರಿಯರನ್ನು ಬಾಗಿಲಲ್ಲಿಟ್ಟು ವಾಪಸು ಬರಬೇಕು. ಒಮ್ಮೆ ಒಂದು ಪಾನಾ ಎತ್ತಿ ಕೊಡಲು ಹೋದಾಗ "ಇಡ್ಲಾ ಕೆಳಗೆ, ಓದೋ ಕೈ ಅದು" ಎಂದು ಗದರಿದ್ದರು.

ನನ್ನ ಜೊತೆಗೇ ಓದುತ್ತಿದ್ದ ಒಬ್ಬ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಹತ್ತಿರ ಸೇರಿದ. ಲೆಕ್ಕದಲ್ಲಿ ನನಗಿಂತ ಚುರುಕು, ಅವರಪ್ಪ ತೀರಿಹೋಗದಿದ್ದರೆ ಬಿಡುತ್ತಿರಲಿಲ್ಲ. ಅಪ್ಪ ಅವನ ಮಣಿಕಟ್ಟಿಗೆ ಹೊಡೆದು ಹೊಡೆದು ಕಲಿಸಿದರು. ಆರೇ ತಿಂಗಳಲ್ಲಿ ಲಾರಿಯ ಕೆಳಗಿನಿಂದ "ಅಣ್ಣಾ, ಎಡಗಡೇದು ಆಡ್ತಾ ಐತೆ" ಎಂದು ಅವನು ಕೂಗುತ್ತಿದ್ದುದು ಬಾಗಿಲಲ್ಲಿ ಕ್ಯಾರಿಯರ್ ಹಿಡಿದು ನಿಂತ ನನಗೆ ಕೇಳುತ್ತಿತ್ತು. ಅವನನ್ನು ಕಂಡು ಅಯ್ಯೋ ಅನ್ನಬೇಕು ಎಂದು ಅಮ್ಮ ಹೇಳಿಕೊಟ್ಟಿದ್ದಳು. ನನಗೆ ಅಯ್ಯೋ ಅನ್ನಿಸುತ್ತಿರಲಿಲ್ಲ, ಹೊಟ್ಟೆಕಿಚ್ಚಾಗುತ್ತಿತ್ತು. ಅದನ್ನು ಮನೆಯಲ್ಲಿ ಹೇಳುವಂತಿರಲಿಲ್ಲ. ಅವನಿಗೂ ನನ್ನ ಪುಸ್ತಕದ ಚೀಲ ನೋಡಿ ಹಾಗೇ ಆಗುತ್ತಿತ್ತೇನೋ, ಕೇಳಿದವರು ಯಾರು? ಹನ್ನೆರಡು ವರ್ಷದ ಆ ಹುಡುಗನ ಹೆಬ್ಬೆರಳಿಗೆ ಒಂದೇ ಸಲಕ್ಕೆ ಸಿಗುತ್ತಿದ್ದುದು ನನಗೆ ಈ ವಯಸ್ಸಿನಲ್ಲಿ, ಎಂಜಿನಿಯರಿಂಗ್ ಡಿಗ್ರಿ ಎರಡು ಇಟ್ಟುಕೊಂಡು, ಮೂರನೇ ಸಲಕ್ಕೆ ಸಿಕ್ಕಿತು. ಅಪ್ಪ ಮಾಡಿದ್ದು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆ ಬಾಗಿಲಲ್ಲಿ ತಡೆದದ್ದರಿಂದಲೇ ನಾನು ಇಲ್ಲಿದ್ದೇನೆ, 1,140 ಡಾಲರ್ ಕೇಳಿದವನ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ಪುರುಸೊತ್ತೂ ಇದೆ. ಆದರೂ ಒಂದೇ ಒಂದು ಅಮಾವಾಸ್ಯೆ ಒಳಗೆ ಕರೆದಿದ್ದರೆ ಏನಾಗುತ್ತಿತ್ತು?

ಭಾನುವಾರ ಬೆಳಿಗ್ಗೆ, ಅಲ್ಲಿ ಸಂಜೆ, ವಿಡಿಯೋ ಕಾಲ್ ಮಾಡಿ ಫೋನನ್ನು ಗಾಡಿಯ ಕೆಳಗೆ ತೂರಿಸಿ ತೋರಿಸಿದೆ. ಅಪ್ಪನಿಗೆ ಈಗ ಎಂಬತ್ತು. ಕನ್ನಡಕ ಏರಿಸಿ ಸುಮಾರು ಹೊತ್ತು ನೋಡಿದರು.

"ಇದಕ್ಯಾಕೆ ದುಡ್ಡು ಕೊಟ್ಟೆ? ಸೈಕಲ್ ಟ್ಯೂಬ್ ಕೊಯ್ದು ತಂತಿ ಸುತ್ತಿದ್ರೆ ಆಗಿತ್ತು."

"ಅಪ್ಪಾ, ಇಲ್ಲಿ ಹಾಗೆ ಮಾಡಂಗಿಲ್ಲ."

"ಸ್ಪ್ಲಿಟ್ ಪಿನ್ ಹಳೇದೇ ಹಾಕಿದ್ಯೋ ಹೊಸದೋ?"

"ಹೊಸದೇ."

"ಯಾರು ಮಾಡಿದ್ದು?"

"ನಾನೇ. ಎದುರು ಮನೆ ಅಜ್ಜ ಹೇಳಿಕೊಟ್ರು. ಬಲಗಡೆ ಒಂದು ಆಡ್ತಿದೆ, ಅದನ್ನ ಪೂರ್ತಿ ಬದಲಾಯಿಸಬೇಕು, ಆರ್ಡರ್ ಮಾಡಿದೀನಿ."

"ಆಡ್ತಿದೆ ಅಂತ ಯಾರು ಹೇಳಿದ್ದು, ಅವರೋ?"

"ಇಲ್ಲ, ನಾನೇ ಹಿಡಿದು ನೋಡ್ದೆ."

ಆ ಕಡೆ ಮಾತಿಲ್ಲ. ನೆಟ್‌ವರ್ಕ್ ಹೋಯಿತೆಂದುಕೊಂಡೆ. ಹಿಂದಿನಿಂದ ಅಮ್ಮ ಏನೋ ಕೇಳುತ್ತಿದ್ದಳು, ತಿಂಡಿ ಆಯ್ತಾ ಅಂತಿರಬೇಕು. ಅಪ್ಪ ಸನ್ನೆ ಮಾಡಿ ಸುಮ್ಮನಿರಿಸಿದರು.

"ಕೈ ತೋರ್ಸು" ಅಂದರು.

ಕ್ಯಾಮೆರಾ ಮುಂದೆ ಎರಡೂ ಕೈ ಹಿಡಿದೆ. ಉಗುರಿನ ಸಂದಿ, ಅಂಗೈ ಗೆರೆ, ಎಲ್ಲ ಕಪ್ಪು.

"ಸೋಪಿಗೆ ಹೋಗಲ್ಲ ಅದು. ಕೊಬ್ಬರಿ ಎಣ್ಣೆಗೆ ಒಂದ್ ಹಿಡಿ ಸಕ್ಕರೆ ಹಾಕ್ಕೊಂಡು ಉಜ್ಜು." ಸ್ವಲ್ಪ ಬಿಟ್ಟು, "ನಾಳೆ ಆಫೀಸಿಗೆ ಈ ಕೈಲೇ ಹೋಗ್ತೀಯೇನೋ?"