ಸಲಾಡ್ ಡ್ರೆಸ್ಸಿಂಗ್‌ನ ಎಂಟು ಅಂಕಿಗಳು

14 ನವೆಂಬರ್ 2025, ಶುಕ್ರವಾರ
ಮಂಗಳೂರು

ಪಣಂಬೂರಿನ ಬಂದರಿಗೆ ಬರುವ ಆಹಾರ ಸರಕು ಎಂದರೆ ಕಸ್ಟಮ್ಸ್‌ನಿಂದ ಸರಕು ಬಿಡಿಸಿಕೊಡುವ ನಮ್ಮಂಥ ಕ್ಲಿಯರಿಂಗ್ ಕಚೇರಿಗಳಿಗೆ ಮೊದಲು ನೆನಪಾಗುವುದು ಆಫ್ರಿಕಾದ ಕಚ್ಚಾ ಗೋಡಂಬಿ, ಆಮೇಲೆ ಖಾದ್ಯ ತೈಲ. ಅವುಗಳ ವರ್ಗೀಕರಣದಲ್ಲಿ, ಅಂದರೆ ಸುಂಕಕ್ಕಾಗಿ ಸರಕಿಗೆ ಎಂಟು ಅಂಕಿಯ ಸಂಖ್ಯೆ ಗೊತ್ತುಮಾಡುವುದರಲ್ಲಿ, ತಕರಾರು ಕಡಿಮೆ. ಈ ವಾರದ ಕೆಲಸ ಹಾಗಲ್ಲ. ಹೋಟೆಲುಗಳಿಗೆ ಸಾಮಾನು ಒದಗಿಸುವ ಉಡುಪಿಯ ವ್ಯಾಪಾರಿಯೊಬ್ಬರು ಸಲಾಡ್ ಡ್ರೆಸ್ಸಿಂಗ್ ತರಿಸಲು ಹೊರಟಿದ್ದಾರೆ. ಪೂರೈಕೆದಾರರು ಸರಕಿಗೆ ಮುಂಚೆ ಕರಡು ಬಿಲ್ಲಾಗಿ ಕಳಿಸಿದ ಪ್ರೊಫಾರ್ಮಾ ಇನ್‌ವಾಯ್ಸಿನಲ್ಲಿ ಬಗೆಬಗೆಯ ಬಾಟಲಿಗಳಿವೆ, ವಿವರಣೆ ಮಾತ್ರ ಎಲ್ಲಕ್ಕೂ ಒಂದೇ: ಡ್ರೆಸ್ಸಿಂಗ್.

"ಎಲ್ಲವೂ ಸಲಾಡಿಗೆ ಹಾಕುವುದೇ ಅಲ್ಲವೇ ಮಾರಾಯರೇ, ಒಂದೇ ನಂಬರ್ ಹಾಕಿಬಿಡಿ" ಎಂದರು ಫೋನಿನಲ್ಲಿ.

ಅವರು ಹೇಳಿದ್ದು ಬಹುಮಟ್ಟಿಗೆ ಸರಿಯೇ. ವಿಶ್ವ ಕಸ್ಟಮ್ಸ್ ಸಂಘಟನೆಯ ಹಾರ್ಮನೈಸ್ಡ್ ಸಿಸ್ಟಮ್, ಅಂದರೆ ಸರಕುಗಳನ್ನು ಸಂಖ್ಯೆಗಳಿಂದ ವಿಂಗಡಿಸುವ ಪದ್ಧತಿ, 1988ರಲ್ಲಿ ಜಾರಿಗೆ ಬಂತು. ಅದರ ಮೊದಲ ಆರು ಅಂಕಿಗಳು ಅದನ್ನು ಒಪ್ಪಿದ ಎಲ್ಲ ದೇಶಗಳಿಗೂ ಸಮಾನ, ಕೊನೆಯ ಎರಡನ್ನು ಭಾರತ ಸೇರಿಸಿಕೊಂಡಿದೆ. ಸಾಸ್‌ಗಳ ಹೆಡ್ಡಿಂಗ್, ಅಂದರೆ ಮೊದಲ ನಾಲ್ಕು ಅಂಕಿ, 2103. ಅದರೊಳಗೆ ನಮ್ಮ ಸುಂಕಪಟ್ಟಿಯಾದ ಟಾರಿಫ್‌ನಲ್ಲಿ 2103 90 30 ಎಂಬ ಸಾಲು ಮಯೋನೀಸ್ ಮತ್ತು ಸಲಾಡ್ ಡ್ರೆಸ್ಸಿಂಗ್‌ಗಾಗಿಯೇ ಇದೆ. ಮೊಟ್ಟೆ ಇದ್ದರೂ ಇಲ್ಲದಿದ್ದರೂ ಸಾಲು ಅದೇ. ಮೊಟ್ಟೆಯ ಪ್ರಶ್ನೆ ಏಳುವುದು ಲೇಬಲ್ಲಿನ ಸಸ್ಯಾಹಾರ, ಮಾಂಸಾಹಾರದ ಗುರುತಿನಲ್ಲಿ.

ಬ್ಲೂ ಚೀಸ್ ಡ್ರೆಸ್ಸಿಂಗ್ ನೋಡಿ ನಮ್ಮ ಕಚೇರಿಯ ಹೊಸ ಹುಡುಗ ಕೇಳಿದ: "ಅಕ್ಕ, ಇದು ಚೀಸ್‌ನ 0406ಕ್ಕೆ ಹೋಗಬೇಕಲ್ಲವೇ? ಸೀಸರ್‌ನಲ್ಲಿ ಮೀನೂ ಇದೆಯಲ್ಲ?" ಕೇಳಲೇಬೇಕಾದ ಪ್ರಶ್ನೆಗಳು. ತೂಕದಲ್ಲಿ ಶೇ. 20ಕ್ಕಿಂತ ಹೆಚ್ಚು ಮಾಂಸ ಅಥವಾ ಮೀನಿರುವ ತಯಾರಿಕೆಗಳು ಅಧ್ಯಾಯ 16ಕ್ಕೆ ಹೋಗುತ್ತವೆ. ಆದರೆ ಆ ಅಧ್ಯಾಯದ ಟಿಪ್ಪಣಿಯೇ 2103ರ ಸಾಸ್‌ಗಳನ್ನು ಹೊರಗಿಡುತ್ತದೆ. ಹೀಗಾಗಿ ಆಂಚೊವಿ ಮೀನು ಬೆರೆಸಿದ ಸೀಸರ್ ಡ್ರೆಸ್ಸಿಂಗ್ ಸಹ ಸಾಸ್‌ಗಳ ಜೊತೆಗೇ ಉಳಿಯುತ್ತದೆ. ಚೀಸ್ ಬೆರೆತದ್ದೂ, ಮಜ್ಜಿಗೆ ಹಾಕಿದ ರ‍್ಯಾಂಚ್ ಕೂಡ ಹಾಗೆಯೇ. ಸಾಸ್ ಎಂದರೆ ಇನ್ನೊಂದು ತಿನಿಸಿನ ಜೊತೆಗೆ ಅಥವಾ ಅಡುಗೆಯೊಳಗೆ ಬಳಸುವಂಥದ್ದು, ಅದನ್ನೇ ಬಡಿಸಿಕೊಂಡು ತಿನ್ನುವುದಿಲ್ಲ. ದೋಸೆ ಇಲ್ಲದೆ ಬಟ್ಟಲು ತುಂಬ ಚಟ್ನಿಯನ್ನು ಯಾರೂ ಊಟ ಮಾಡುವುದಿಲ್ಲವಲ್ಲ, ಹಾಗೆ. ಹುಡುಗನಿಗೆ ಇದು ತಕ್ಷಣ ಹಿಡಿಸಿತು.

ಇಷ್ಟಾದರೂ ಪಟ್ಟಿಯಲ್ಲಿದ್ದ ಎಲ್ಲವೂ ಡ್ರೆಸ್ಸಿಂಗ್ ಅಲ್ಲ. ಬಾಲ್ಸಾಮಿಕ್ ವಿನೆಗರ್ ಇದೆ, ಅದು ಬರೀ ವಿನೆಗರ್, 2209. ಎರಡು ಖಾದ್ಯ ಎಣ್ಣೆಗಳನ್ನು ಬೆರೆಸಿದ್ದಷ್ಟೇ ಆದರೆ 1517. ನೀರಿಗೋ ಹಾಲಿಗೋ ಕಲಸಿ ಡ್ರೆಸ್ಸಿಂಗ್ ಮಾಡಿಕೊಳ್ಳುವ ಪುಡಿಯ ಪೊಟ್ಟಣಗಳಿವೆ. ಸಾಸ್ ತಯಾರಿಸುವ ಮಿಶ್ರಣಗಳೂ 2103ರಲ್ಲೇ ಬರುತ್ತವೆ, ಆದರೆ ಮಸಾಲೆಯ ಮಿಶ್ರಣವಷ್ಟೇ ಆಗಿದ್ದರೆ ಸಾಲು 2103 90 40.

ಹೆಚ್ಚು ಹೊತ್ತು ಹಿಡಿದದ್ದು ಹನಿ ಮಸ್ಟರ್ಡ್. ಸಿದ್ಧ ಸಾಸಿವೆಗೆ 2103 30 ಎಂಬ ಪ್ರತ್ಯೇಕ ಉಪಹೆಡ್ಡಿಂಗ್ ಇದೆ. ಬಾಟಲಿಯ ಮುಖ್ಯ ವಸ್ತು ಅರೆದ ಸಾಸಿವೆ ಮತ್ತು ವಿನೆಗರ್ ಆಗಿದ್ದರೆ ಅಲ್ಲಿಗೆ. ಎಣ್ಣೆ, ಜೇನುತುಪ್ಪಗಳೇ ಹೆಚ್ಚಿದ್ದು ಸಾಸಿವೆ ರುಚಿಗಷ್ಟೇ ಇದ್ದರೆ ಡ್ರೆಸ್ಸಿಂಗ್‌ನ ಸಾಲಿಗೆ. ಶೇಕಡಾವಾರು ಗೊತ್ತಿಲ್ಲದೆ ಇದನ್ನು ಯಾರೂ ಹೇಳಲಾರರು. ಹೆಸರು ನೋಡಿ ನಿರ್ಧರಿಸುವುದನ್ನು ನಾನು ಒಪ್ಪುವುದಿಲ್ಲ.

ತಯಾರಕರ ದೇಶದ ಆಹಾರ ಮಾನದಂಡವೂ ಇಲ್ಲಿ ಉತ್ತರವಾಗುವುದಿಲ್ಲ. ಅಮೆರಿಕದಲ್ಲಿ ಮಯೋನೀಸ್ ಎನ್ನಲು ಕನಿಷ್ಠ ಶೇ. 65 ಸಸ್ಯಜನ್ಯ ಎಣ್ಣೆ ಬೇಕು, ಸಲಾಡ್ ಡ್ರೆಸ್ಸಿಂಗ್ ಎನ್ನಲು ಶೇ. 30. ಫ್ರೆಂಚ್ ಡ್ರೆಸ್ಸಿಂಗ್‌ಗೆಂದು ಇದ್ದ ಮಾನದಂಡವನ್ನು 2022ರಲ್ಲಿ ರದ್ದು ಮಾಡಿದರು. ನಮ್ಮ 2103 90 30ರಲ್ಲಿ ಇಂಥ ಯಾವ ಶೇಕಡಾವಾರು ಮಿತಿಯೂ ಇಲ್ಲ.

ಇಷ್ಟು ಬಿಗಿಯಾಗಿ ಹಿಡಿಯಲು ಕಾರಣವಿದೆ. 2011ರಿಂದ ಸುಂಕದ ಸ್ವಯಂ ನಿರ್ಧಾರಣೆ ಜಾರಿಯಲ್ಲಿದೆ, ಸಂಖ್ಯೆಯ ಹೊಣೆ ಆಮದುದಾರರದು. ಆಮದಿನ ಘೋಷಣಾ ಪತ್ರವಾದ ಬಿಲ್ ಆಫ್ ಎಂಟ್ರಿ ಪರಿಶೀಲಿಸುವ ಅಧಿಕಾರಿ ಈಗ ಬೇರೆ ಊರಿನಲ್ಲಿ ಕುಳಿತಿರಬಹುದು. ಅವರ ಮುಂದೆ ಬಾಟಲಿ ಇರುವುದಿಲ್ಲ, ನಾವು ಕೊಟ್ಟ ಕಾಗದ ಮಾತ್ರ ಇರುತ್ತದೆ. ಸುಂಕ ಕಡಿಮೆ ಕಟ್ಟಿದ್ದು ತಿಳಿದರೆ ಸಾಮಾನ್ಯವಾಗಿ ಎರಡು ವರ್ಷದೊಳಗೆ, ಮಾಹಿತಿ ಮುಚ್ಚಿಟ್ಟಿದ್ದರೆ ಐದು ವರ್ಷದೊಳಗೆ ನೋಟಿಸ್ ಬರಬಹುದು. ಅಷ್ಟರಲ್ಲಿ ಸರಕು ಮಾರಿ ಮುಗಿದಿರುತ್ತದೆ, ವ್ಯತ್ಯಾಸದ ಹಣವನ್ನು ವ್ಯಾಪಾರಿ ಯಾರಿಂದ ವಸೂಲು ಮಾಡಬೇಕು? ತಕರಾರಿನಲ್ಲಿ ಸರಕು ನಿಂತರೆ ಇನ್ನೊಂದು ಕಷ್ಟ. ಆಮದಿನ ಹೊತ್ತಿಗೆ ಶೇ. 60ರಷ್ಟು ಬಾಳಿಕೆ ಅವಧಿ ಅಥವಾ ಮೂರು ತಿಂಗಳು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟಾದರೂ ಉಳಿದಿರಬೇಕು ಎನ್ನುತ್ತದೆ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ.

ನಿಜಕ್ಕೂ ಎರಡು ಕಡೆಗೂ ವಾಲುವ ವಸ್ತುವಾದರೆ ಮುಂಬೈ ಮತ್ತು ದೆಹಲಿಯಲ್ಲಿರುವ ಆಮದಿಗೆ ಮೊದಲೇ ಸಂಖ್ಯೆ ತೀರ್ಮಾನಿಸಿಕೊಡುವ ಮುಂಗಡ ತೀರ್ಪಿನ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಅದು ದೊಡ್ಡ ಕಂಪನಿಗಳ ದಾರಿ ಎಂದು ನಮ್ಮ ಕಡೆಯ ಸಣ್ಣ ಆಮದುದಾರರು ಬಿಟ್ಟುಬಿಡುತ್ತಾರೆ. ಪದೇಪದೇ ಅದೇ ಸರಕು ತರಿಸುವವರು ಹಾಗೆ ಬಿಡಬಾರದು.

ಪ್ರತಿ ಬಾಟಲಿಯ ಘಟಕಗಳು ಮತ್ತು ಅವುಗಳ ಶೇಕಡಾವಾರು, ಬಳಸುವ ವಿಧಾನ, ಲೇಬಲ್ಲಿನ ಚಿತ್ರ ಬೇಕೆಂದು ಮಧ್ಯಾಹ್ನ ಪತ್ರ ಬರೆಸಿದೆ. ಸೀಸರ್ ಮತ್ತು ರ‍್ಯಾಂಚ್‌ನ ವಿವರ ಸಂಜೆಗೇ ಬಂತು. ಹನಿ ಮಸ್ಟರ್ಡ್‌ನದು ಬಂದಿಲ್ಲ. ಅದು ಕೈಸೇರುವವರೆಗೆ ಆ ಪೆಟ್ಟಿಗೆಗಳನ್ನು ಹಡಗಿಗೆ ಏರಿಸುವುದು ಬೇಡವೆಂದು ಉಡುಪಿಯವರಿಗೆ ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ.