ಮಾವನ ರಸೀದಿ ಮತ್ತು ವಿದುರಾಶ್ವತ್ಥ

ಗೌರಿಬಿದನೂರಿನಿಂದ ವಿದುರಾಶ್ವತ್ಥಕ್ಕೆ ಐದಾರು ಕಿಲೋಮೀಟರ್ ಅಷ್ಟೇ. ಮಾವ ಮತ್ತು ನಾನು ಆಟೋ ಹಿಡಿದೆವು. ದುಡ್ಡು ಕೊಡಲು ಮಾವ ಪರ್ಸ್ ತೆಗೆದಾಗ ಮಡಚಿ ಮಡಚಿ ಹರಿದುಹೋಗಿದ್ದ ಒಂದು ಚೀಟಿ ಕೆಳಗೆ ಬಿತ್ತು. ಪೊಲೀಸ್ ಸ್ಟೇಷನ್ ರಸೀದಿ. ಕಡ್ಲೆಕಾಯಿ ಹೊಲಕ್ಕೆ ಹಂದಿ ನುಗ್ಗುತ್ತೆ ಅಂತ ಮಾವ ಲೈಸೆನ್ಸ್ ಬಂದೂಕು ಇಟ್ಟಿದ್ದಾರೆ. ಎಲೆಕ್ಷನ್ ಬಂದರೆ ಅದನ್ನು ಸ್ಟೇಷನ್‌ಗೆ ಒಪ್ಪಿಸಬೇಕು.

"ಅಮೆರಿಕದಲ್ಲಿ ಈ ಗೋಳಿಲ್ಲ ಅಲ್ವೇನೋ?" ಅಂದರು.

ಇಲ್ಲ. ಅಲ್ಲಿ ಸಂವಿಧಾನದ 1791ರ ಎರಡನೇ ತಿದ್ದುಪಡಿಯಿಂದ ಬಂದೂಕು ಹಕ್ಕಾಯಿತು. ನಮ್ಮಲ್ಲಿ 1857ರ ದಂಗೆಯ ಭಯ ಬ್ರಿಟಿಷರನ್ನು ಬಿಡಲಿಲ್ಲ. 1878ರಲ್ಲಿ ಶಸ್ತ್ರ ಕಾಯ್ದೆ ತಂದರು. ಭಾರತೀಯರಿಗೆ ಲೈಸೆನ್ಸ್, ಯುರೋಪಿಯನ್ನರಿಗೆ ವಿನಾಯಿತಿ. ಈಗಿರೋದು 1959ರ ಕಾಯ್ದೆ.

ದೇವಸ್ಥಾನದ ಸುತ್ತ ನಾಗರಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಹಳೆಯವು ಅರಿಶಿನ ಕುಂಕುಮದಲ್ಲಿ ಮುಳುಗಿ ಹೆಡೆ ಯಾವುದು, ಬಾಲ ಯಾವುದು ತಿಳಿಯುವುದಿಲ್ಲ. ವಿದುರ ನೆಟ್ಟ ಅಶ್ವತ್ಥ ಅಂತ ಹೇಳುತ್ತಿದ್ದ ಹಳೇ ಮರ 2001ರಲ್ಲಿ ಬಿದ್ದುಹೋಯಿತು.

ನನಗೆ ನೋಡಬೇಕಿದ್ದದ್ದು ವೀರಸೌಧ, ಇಲ್ಲಿ ಪೊಲೀಸರ ಗುಂಡಿಗೆ ಸತ್ತವರ ಸ್ಮಾರಕ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಮೈಸೂರು ಸರ್ಕಾರ ಕಾಂಗ್ರೆಸ್ ಬಾವುಟ ಹಾರಿಸಲು ಬಿಡುತ್ತಿರಲಿಲ್ಲ. ಅದೇ ಕಿಚ್ಚು ಇಲ್ಲಿಗೂ ಹಬ್ಬಿತು. ಸಭೆ ಸೇರಬಾರದು ಅಂತ ಆಜ್ಞೆ ಇದ್ದರೂ ಏಪ್ರಿಲ್ 25ರಂದು ಸಾವಿರಾರು ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸರ್ಕಾರದ ಲೆಕ್ಕದಲ್ಲಿ 10, ಜನರ ಲೆಕ್ಕದಲ್ಲಿ ಮೂವತ್ತರ ಮೇಲೆ. ದಕ್ಷಿಣದ ಜಲಿಯನ್‌ವಾಲಾಬಾಗ್ ಅನ್ನೋ ಹೆಸರು ಆಮೇಲೆ ಅಂಟಿಕೊಂಡಿತು. ನನಗೆ ಆ ಹೋಲಿಕೆ ಅಷ್ಟು ಹಿಡಿಸಲ್ಲ. ಅಮೃತಸರದಲ್ಲಿ ಗುಂಡು ಹಾರಿಸಲು ಹೇಳಿದವನು ಬ್ರಿಟಿಷ್ ಅಧಿಕಾರಿ. ಇಲ್ಲಿ ಗುಂಡು ಹಾರಿಸಿದ್ದು ನಮ್ಮದೇ ಮಹಾರಾಜರ ಪೊಲೀಸರು. ಒಂದು ತಿಂಗಳೂ ಕಳೆಯಲಿಲ್ಲ, ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಕಾಂಗ್ರೆಸ್‌ನ ಸರ್ದಾರ್ ಪಟೇಲರ ನಡುವೆ ಒಪ್ಪಂದವಾಯಿತು. ಮೈಸೂರು ಬಾವುಟದ ಜೊತೆ ಕಾಂಗ್ರೆಸ್ ಬಾವುಟವೂ ಹಾರಬಹುದು! ಮೊದಲೇ ಒಪ್ಪಿದ್ದರೆ?

ಮಾವ ಸತ್ತವರ ಹೆಸರುಗಳ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಪರ್ಸ್ ಮುಟ್ಟಿ ನೋಡಿಕೊಂಡರು.

"ಬಾವುಟಕ್ಕೂ ಆಗ ಲೈಸೆನ್ಸ್ ಬೇಕಿತ್ತು ಅನ್ನು."

ಹೊರಗೆ ಮರದ ನೆರಳಲ್ಲಿ ಒಂದು ಸಂಸಾರ ಚಿತ್ರಾನ್ನದ ಡಬ್ಬಿ ಬಿಚ್ಚಿತ್ತು. ನಮ್ಮನ್ನೂ ಕರೆದರು. ಮಾವ ಬೇಡ ಅನ್ನಲಿಲ್ಲ.